ಹಿಂದಕ್ಕೆ ಹೇರಿದ ಈರುಳ್ಳಿ

ಎತ್ತಿನ ಮೇಲೆ ಕರುಣೆ ಇರುವವರನ್ನು ಕಂಡರೆ ಎಲ್ಲರಿಗೂ ಗೌರವ ಬರುತ್ತದೆ. ನನಗೆ ಸಿಟ್ಟು ಬರುತ್ತದೆ. ಹೀಗೆಂದರೆ ಜನ ನನ್ನನ್ನೇ ವಿಚಿತ್ರವಾಗಿ ನೋಡುತ್ತಾರೆ. ನೋಡಲಿ. ಇದನ್ನು ಪೂರ್ತಿ ಓದಿದ ಮೇಲೆ ಏನು ಬೇಕಾದರೂ ಅನ್ನಲಿ.

ತರೀಕೆರೆಯ ಒಂದು ತರಬೇತಿ ಕೇಂದ್ರದಲ್ಲಿ ಟ್ರ್ಯಾಕ್ಟರ್, ಕಾರಿನ ರಿಪೇರಿ ಕಲಿಸುವುದು ನನ್ನ ಕೆಲಸ. ಕಳೆದ ತಿಂಗಳು ಒಂದು ಶನಿವಾರ ಕಡೂರಿಗೆ ಬಸ್ಸಿನಲ್ಲಿ ಹೊರಟಿದ್ದೆ. ಬೀರೂರಿಗೆ ಇನ್ನೂ ಸ್ವಲ್ಪ ದೂರ ಇರುವಾಗ ಡ್ರೈವರ್ ಒಮ್ಮೆಲೇ ಬ್ರೇಕ್ ತುಳಿದ. ನಿಂತಿದ್ದವರೆಲ್ಲ ಮುಂದಕ್ಕೆ ಮುಗ್ಗರಿಸಿದರು, ಕಂಡಕ್ಟರ್ ಬೈದ. ಕಿಟಕಿಯಿಂದ ಸುಟ್ಟ ಬ್ರೇಕ್ ಲೈನರಿನ ವಾಸನೆ ಬಂತು, ಅದರ ಬೆನ್ನಿಗೇ ಹಸಿ ಈರುಳ್ಳಿಯ ವಾಸನೆ. ಕತ್ತು ಹೊರಗೆ ಹಾಕಿ ನೋಡಿದೆ. ಎದುರಿಗೆ ಎರಡು ಚಕ್ರದ ಟ್ರೇಲರ್ ಎಳೆದುಕೊಂಡು ಒಂದು ಟ್ರ್ಯಾಕ್ಟರ್ ಹೋಗುತ್ತಿತ್ತು. ಹಿಂದಿನ ಹಲಗೆ ಬಿಚ್ಚಿ, ಚೀಲಗಳನ್ನು ಹೊರಕ್ಕೆ ಚಾಚುವಂತೆ ಹೇರಿದ್ದರು. ಮುಂದೆ ಎರಡು ಸಾಲಿನಷ್ಟು ಜಾಗ ಖಾಲಿ. ಟ್ರೇಲರ್ ಮೆಲ್ಲಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತಿತ್ತು.

ನಮ್ಮಪ್ಪನ ಹೇರು ಅದು. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು, ಅವರು ಕಲಿಸಿದ ಹೇರು ಇನ್ನೂ ರಸ್ತೆಯ ಮೇಲೆ ಓಡಾಡುತ್ತಿದೆ. ಕಡೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದವಳು ಅಂದುಕೊಂಡಿದ್ದ ಕಡೆ ಹೋಗಲಿಲ್ಲ. ಎಮ್ಮೆದೊಡ್ಡಿ ಕಡೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿ, ಕಟ್ಟೆಯ ಮೇಲೆ ಕೂತೆ. ಬಸ್ಸು ಬರುವವರೆಗೂ ಆ ವರ್ಷವೇ ಕಣ್ಣ ಮುಂದೆ ಬಂತು.

ನಾನು ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ, ಕೆಲಸದ ಆರ್ಡರಿಗೆ ಕಾಯುತ್ತಾ ಊರಲ್ಲಿದ್ದ ವರ್ಷ ಅದು. ನಮ್ಮೂರು ಅಜ್ಜಂಪುರದ ಆಚೆ. ಮಳೆಗಾಲದ ಕೊನೆಗೆ ನಮ್ಮ ಕಡೆ ಎಲ್ಲಿ ನೋಡಿದರೂ ಈರುಳ್ಳಿ. ಆ ವರ್ಷ ಈರುಳ್ಳಿ ಚೆನ್ನಾಗಿ ಬಂದಿತ್ತು, ಆದರೆ ಕೀಳುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿದುಕೊಂಡಿತು. ಸುರಿಯುವ ಮಳೆಯಾದರೂ ಒಂದು ದಿನ ಬಂದು ಹೋಗುತ್ತದೆ. ಇದು ಜಿಟಿಜಿಟಿ. ಬೆಳಿಗ್ಗೆ ಬಿಸಿಲು ಬಂತೆಂದು ಹೊಲದಲ್ಲಿ ಹರಡಿದರೆ ಹನ್ನೊಂದಕ್ಕೆ ಹನಿ ಬೀಳುವುದು. ಎಲ್ಲರೂ ಓಡಿ ಟಾರ್ಪಾಲು ಹೊದಿಸಿದರೆ ಹನ್ನೆರಡಕ್ಕೆ ಮತ್ತೆ ಬಿಸಿಲು. ಟಾರ್ಪಾಲಿನ ಅಡಿ ಈರುಳ್ಳಿ ಬೆವರಿ ಕೊಳೆಯತೊಡಗಿತು. ಮನೆ ಮುಂದೆ, ಜಗಲಿಯ ಮೇಲೆ, ದನದ ಕೊಟ್ಟಿಗೆಯಲ್ಲಿ, ಕೊನೆಗೆ ನಾವು ಉಣ್ಣುವ ಅನ್ನದಲ್ಲೂ ಅದೇ ವಾಸನೆ. ಒಣಗಿದಷ್ಟನ್ನು ಚೀಲಕ್ಕೆ ತುಂಬಿ, ಅಜ್ಜಂಪುರದಲ್ಲಿ ನಿಂತ ಲಾರಿಗೆ ಮುಟ್ಟಿಸಿಬಿಡಬೇಕು ಎಂದು ಊರಿಗೆ ಊರೇ ಅವಸರದಲ್ಲಿತ್ತು.

ನಮ್ಮ ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಶಿವಣ್ಣ. ಎಮ್ಮೆದೊಡ್ಡಿ ಕಡೆಯವನು, ಹನ್ನೆರಡು ವರ್ಷದಿಂದ ನಮ್ಮಲ್ಲಿದ್ದ, ಹೆಂಡತಿ ಮಗಳೊಂದಿಗೆ ನಮ್ಮ ಹಿತ್ತಲಿನ ಮನೆಯಲ್ಲೇ ವಾಸ. ಬೆಳಿಗ್ಗೆ ಗಾಡಿ ಹತ್ತುವ ಮೊದಲು ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಬರುವನು. ಟೈರಿಗೆ ಕಾಲಲ್ಲಿ ಒದೆಯುವನು, ಎಡಚಕ್ರಕ್ಕೊಂದು ಬಲಚಕ್ರಕ್ಕೊಂದು ಇರುವ ಎರಡು ಬ್ರೇಕ್ ಪೆಡಲನ್ನೂ ಸೇರಿಸುವ ಚಿಲಕ ಹಾಕಿದೆಯೋ ಇಲ್ಲವೋ ನೋಡುವನು, ಟ್ರೇಲರ್ ಸಿಕ್ಕಿಸುವ ಕೊಕ್ಕೆಯ ಪಿನ್ನು ಅಲ್ಲಾಡಿಸಿ ನೋಡುವನು. ಬೀಡಿಯನ್ನೂ ಸೇದದ ಮನುಷ್ಯ. ಆ ವರ್ಷ ಅವನಿಗೊಂದು ಆಸೆ ಹುಟ್ಟಿತ್ತು. ತರೀಕೆರೆಯ ಒಂದು ಶಾಲೆಯವರು ತಮ್ಮ ಮಕ್ಕಳ ವ್ಯಾನಿಗೆ ಡ್ರೈವರನ್ನು ಹುಡುಕುತ್ತಿದ್ದರು. ದಸರಾ ರಜೆ ಮುಗಿದ ಮೇಲೆ ಬಾ ಎಂದಿದ್ದರು. ಅದಕ್ಕೆ ಬೇಕಾದ ಲೈಸೆನ್ಸನ್ನೂ ಮಾಡಿಸಿಕೊಂಡಿದ್ದ.

"ಧೂಳು ಕುಡ್ದು ಕುಡ್ದು ಸಾಕಾಗೋಯ್ತು ಸುಧಮ್ಮ," ಎಂದಿದ್ದ ಒಂದು ದಿನ, ಟ್ರ್ಯಾಕ್ಟರಿಗೆ ಗ್ರೀಸ್ ತುಂಬುತ್ತಾ. "ಮಕ್ಳನ್ನ ಕೂರಿಸ್ಕಂಡು ಮೆತ್ತಗೆ ಓಡಿಸ್ಕಂಡಿರೋದು. ನನ್ ಮಗ್ಳನ್ನೂ ಅದೇ ಸ್ಕೂಲಿಗೆ ಸೇರಿಸ್ಕತ್ತಾರಂತೆ ಕಣಮ್ಮ."

ಅವನಿಗೆ ಆ ವರ್ಷ ಬೇಕಾಗಿದ್ದದ್ದು ಅಷ್ಟೇ.

ಇನ್ನು ಅಪ್ಪ. ಅಪ್ಪನನ್ನು ಊರಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಒಂದು ಕೆಲಸಕ್ಕೆ, ಗಾಡಿ ಹೇರಿಸುವುದಕ್ಕೆ. ರಾಗಿ ಹುಲ್ಲಾಗಲಿ, ಗೊಬ್ಬರವಾಗಲಿ, ಅವರು ನಿಂತು "ಇಲ್ಲಿ ಹಾಕು, ಅಲ್ಲಿ ಹಾಕು" ಎಂದು ಹೇಳಿದರೆ ಗಾಡಿ ಎಂಥ ಕೊರಕಲಲ್ಲೂ ವಾಲುತ್ತಿರಲಿಲ್ಲ. ಹೇರಿದ ಮೇಲೆ ಅವರದೊಂದು ಪರೀಕ್ಷೆ. ಗಾಡಿಯ ಮುಂದೆ ನಿಂತು, ನೊಗ ಕಟ್ಟುವ ಮೂಕಿಯ ತುದಿಯನ್ನು ಎರಡು ಬೆರಳಿನಲ್ಲಿ ಎತ್ತುವರು. ಅದು ಹಗುರವಾಗಿ ಮೇಲೆದ್ದರೆ ಹೇರು ಸರಿಯಾಗಿದೆ ಎಂದು ಅರ್ಥ. ಎದ್ದಿಲ್ಲವೆಂದರೆ ಮುಂಭಾರವಾಗಿದೆ, ಎತ್ತಿನ ಕುತ್ತಿಗೆಯ ಮೇಲೆ ಭಾರ ಕೂರುತ್ತದೆ. ಎಲ್ಲವನ್ನೂ ಇಳಿಸಿ ಹಿಂದಕ್ಕೆ ಹಾಕಿಸುವರು.

ಇದಕ್ಕೊಂದು ಹಿನ್ನೆಲೆ ಇತ್ತು. ವಯಸ್ಸಿನಲ್ಲಿ ಅಪ್ಪ ಒಂದು ಜೊತೆ ಅಮೃತಮಹಲ್ ಎತ್ತು ತಂದಿದ್ದರಂತೆ. ಅವರಿಲ್ಲದ ದಿನ ಮನೆಯವರು ಯಾರೋ ಕಲ್ಲು ಹೇರುವಾಗ ಮುಂಭಾರ ಮಾಡಿ, ಬಲಗಡೆಯ ಎತ್ತಿನ ಕುತ್ತಿಗೆ ಹುಣ್ಣಾಗಿ, ಹುಳ ಬಿದ್ದು, ಅದು ನೊಗ ಕಂಡರೆ ನಡುಗುವಂತಾಯಿತಂತೆ. ಅಪ್ಪ ಮೂರು ತಿಂಗಳು ಬೇವಿನೆಣ್ಣೆ ಹಚ್ಚಿ, ಅದರ ಪಕ್ಕದಲ್ಲೇ ಮಲಗಿ ನೋಡಿಕೊಂಡರೂ ಉಳಿಯಲಿಲ್ಲ. ಈ ಕಥೆ ಹೇಳುವಾಗ ಪ್ರತಿ ಸಲವೂ ಹೆಗಲ ಮೇಲಿನ ಟವೆಲಿನಲ್ಲಿ ಕಣ್ಣೊರೆಸಿಕೊಳ್ಳುವರು. ನಾನೂ ಚಿಕ್ಕಂದಿನಲ್ಲಿ ಕೇಳಿ ಅತ್ತಿದ್ದೇನೆ. ಅವರ ಕರುಣೆ ಸುಳ್ಳಲ್ಲ, ಅದೇ ನನ್ನ ಸಿಟ್ಟನ್ನು ಇನ್ನೂ ಹೆಚ್ಚು ಮಾಡುತ್ತದೆ.

ಎತ್ತು ಹೋಯಿತು, ಟ್ರ್ಯಾಕ್ಟರ್ ಬಂತು. ಅಪ್ಪನ ಕೈಯ ಲೆಕ್ಕ ಬದಲಾಗಲಿಲ್ಲ. ಟ್ರೇಲರನ್ನೂ ಹಾಗೆಯೇ ಹಿಂದಕ್ಕೆ ಹೇರಿಸುವರು, ಹಾಗೆಯೇ ಮುಂದೆ ನಿಂತು ಅದರ ಕಬ್ಬಿಣದ ಮೂಕಿಯನ್ನು ಎತ್ತಿ ನೋಡುವರು. ಊರಲ್ಲಿದ್ದ ಅಷ್ಟೂ ಟ್ರೇಲರುಗಳು ಹಾಗೆಯೇ ತುಂಬುತ್ತಿದ್ದವು, ಏಕೆಂದರೆ ಕಲಿಸಿದವರು ಅಪ್ಪ. ನಾನು ಒಂದು ದಿನ ಕೇಳಿಯೇಬಿಟ್ಟೆ.

"ಅಪ್ಪ, ಟ್ರ್ಯಾಕ್ಟರಿಗೆ ಹಿಂಗೆ ಹೇರಬಾರ್ದು. ಭಾರ ಸ್ವಲ್ಪ ಮುಂದೇನೇ ಇರಬೇಕು."

"ಯಾಕವ್ವಾ?"

"ಅದರ ಬ್ರೇಕು ಇರೋದು ಹಿಂದಿನ ಎರಡು ದೊಡ್ಡ ಚಕ್ರಕ್ಕೆ ಮಾತ್ರ. ಟ್ರೇಲರಿಗೆ ಬ್ರೇಕೇ ಇಲ್ಲ. ನೀನು ಹಿಂದಕ್ಕೆ ಹೇರಿದ್ರೆ ಟ್ರೇಲರ್ ಮೂಗು ಮೇಲಕ್ಕೇಳುತ್ತೆ, ಏಳ್ತಾ ಏಳ್ತಾ ಟ್ರ್ಯಾಕ್ಟರಿನ ಬೆನ್ನನ್ನೂ ಎತ್ತುತ್ತೆ. ಚಕ್ರ ನೆಲ ಗಟ್ಟಿಯಾಗಿ ಹಿಡೀದೆ ಇದ್ರೆ ಬ್ರೇಕ್ ಹಿಡಿದು ಏನು ಬಂತು?"

ಜಗಲಿಯ ಮೇಲೆ ಇದ್ದಿಲಿನಲ್ಲಿ ಚಿತ್ರವನ್ನೂ ಬರೆದು ತೋರಿಸಿದೆ. ಅಪ್ಪ ಬಗ್ಗಿ ನೋಡಿ ನಕ್ಕರು. ಚೀಲ ಹೊರುತ್ತಿದ್ದ ಆಳುಗಳೂ ನಕ್ಕರು.

"ಇಂಜಿನಿಯರಮ್ಮಾ, ಈ ಕಾಲೇಜಲ್ಲಿ ನಿಂಗೆ ಎತ್ತಿನ ಕುತ್ತಿಗೆ ತೋರಿಸಿದ್ರಾ? ಎಳೆಯೋದು ಎತ್ತಾದ್ರೇನು, ಎಂಜಿನ್ ಆದ್ರೇನು? ಎಳೆಯೋದ್ರ ಕುತ್ತಿಗೆ ಮೇಲೆ ಭಾರ ಹಾಕಬಾರ್ದು ಕಣವ್ವ. ಪಾಪ ಬರುತ್ತೆ."

ಎಂಜಿನ್ನಿಗೂ ಕುತ್ತಿಗೆ ಕೊಟ್ಟವರ ಹತ್ತಿರ ನಾನೇನು ವಾದ ಮಾಡಲಿ? ಇಂದು ತರಗತಿಯಲ್ಲಿ ಹೊಸ ಕಾರುಗಳ ಪಾಠ ಮಾಡುವಾಗ, ಚಕ್ರ ಜಾರುವ ಮೊದಲೇ ಅದನ್ನು ತಿಳಿದು ತಾನಾಗಿಯೇ ಒಂದೊಂದು ಚಕ್ರಕ್ಕೂ ಬೇರೆಬೇರೆ ಬ್ರೇಕ್ ಹಾಕುವ ಯಂತ್ರವನ್ನು ಬೋರ್ಡಿನ ಮೇಲೆ ಬಿಡಿಸುತ್ತೇನೆ. ಹುಡುಗರು ಕಣ್ಣರಳಿಸಿ ಕೇಳುತ್ತಾರೆ. ಆ ಕಾರು ಹೋಗುವ ರಸ್ತೆಯಲ್ಲೇ, ಅದರ ಮುಂದೆಯೇ, ಕಾರಿನ ನಾಲ್ಕರಷ್ಟು ತೂಕ ಹೊತ್ತ ಟ್ರೇಲರ್ ಒಂದೇ ಒಂದು ಬ್ರೇಕಿಲ್ಲದೆ, ಹಿಂದೆ ಒಂದು ಕೆಂಪು ದೀಪವಿಲ್ಲದೆ ಹೋಗುತ್ತಿರುತ್ತದೆ. ಬ್ರೇಕು, ದೀಪ ಇರಬೇಕೆಂಬ ಕಾನೂನೆಲ್ಲ ಕಾಗದದ ಮೇಲಿದೆ. ತಯಾರಿಸುವವನು ಹಾಕುವುದಿಲ್ಲ, ಕೊಳ್ಳುವವನು ಕೇಳುವುದಿಲ್ಲ, ನೋಡಬೇಕಾದವರು ನೋಡುವುದಿಲ್ಲ. ಬಿದ್ದ ದಿನ ಮಾತ್ರ ಎಲ್ಲರಿಗೂ ಡ್ರೈವರ್ ಕಾಣುತ್ತಾನೆ.

ನಮ್ಮ ಟ್ರೇಲರ್ ಬಿದ್ದದ್ದು ದಸರೆಗೆ ಇನ್ನೂ ಹದಿನೈದು ದಿನ ಇರುವಾಗ, ಒಂದು ಗುರುವಾರ ಮಧ್ಯಾಹ್ನ. ಸಾಮಾನ್ಯವಾಗಿ ಟ್ರೇಲರಿನ ಮುಂದಿನ ಖಾಲಿ ಜಾಗದಲ್ಲಿ ಕೂಲಿಗೆ ಬಂದ ಹೆಂಗಸರು ಏಳೆಂಟು ಜನ ಕೂತು ಅಜ್ಜಂಪುರದವರೆಗೆ ಹೋಗುತ್ತಿದ್ದರು. ಈಗ ಯೋಚಿಸಿದರೆ ಇಷ್ಟು ವರ್ಷ ಆ ಟ್ರೇಲರನ್ನು ಉಳಿಸಿದ್ದು ಆ ಹೆಂಗಸರ ತೂಕ. ಅಂದು ಬೆಳಗಿನಿಂದ ಹನಿಯುತ್ತಿತ್ತೆಂದು ಅವರೆಲ್ಲ ಮೊದಲೇ ಆಟೋ ಹತ್ತಿ ಹೋಗಿದ್ದರು. ಚೀಲಗಳು ನೆನೆದು ಇನ್ನೂ ಭಾರವಾಗಿದ್ದವು. ಅಪ್ಪ ಮೂಕಿ ಎತ್ತಿದರು. ಅದು ಎದ್ದಿತು ಮಾತ್ರವಲ್ಲ, ಅವರ ಕೈಯಿಂದ ತಾನೇ ಮೇಲಕ್ಕೆ ಹೋಯಿತು. ಇಬ್ಬರು ಆಳುಗಳು ಜೋತುಬಿದ್ದು ಕೆಳಗೆ ತಂದು ಕೊಕ್ಕೆಗೆ ಸಿಕ್ಕಿಸಿದರು.

ಶಿವಣ್ಣ ಹೊಲದಿಂದ ರಸ್ತೆಗೆ ಹತ್ತಿಸಿ, ನಿಲ್ಲಿಸಿ, ಇಳಿದು ಬಂದ.

"ಯಜಮಾನ್ರೆ, ಹಿಂದಿನ ಚಕ್ರ ಕುಣೀತಾ ಇದೆ. ಒಂದೆರಡು ಸಾಲು ಮುಂದಕ್ಕೆ ಹಾಕ್ಸನಾ?"

"ಲೇ, ಮಳೆ ಬತ್ತಾ ಇದೆ ಕಣೋ. ಲಾರಿಯೋನು ಹೊರಟುಬಿಡ್ತಾನೆ. ಹುಷಾರಾಗಿ ಓಡ್ಸು, ಹೋಗು."

ನಾನು ಅಲ್ಲೇ ಇದ್ದೆ, ನನ್ನ ಸ್ಕೂಟಿಯ ಮೇಲೆ ಕೂತು. ಅಜ್ಜಂಪುರದಲ್ಲಿ ಅಂಚೆ ಕಚೇರಿಗೆ ಹೋಗಬೇಕಿತ್ತು. ಶಿವಣ್ಣ ಒಮ್ಮೆ ನನ್ನ ಮುಖ ನೋಡಿದ. ಓದಿದವಳು ಏನಾದರೂ ಅನ್ನಬಹುದು ಎಂದುಕೊಂಡಿದ್ದನೋ ಏನೋ. ನಾನು ಏನೂ ಅನ್ನಲಿಲ್ಲ.

ಅವನ ಹಿಂದೆಯೇ ಹೊರಟೆ. ಊರಿನಿಂದ ಎರಡು ಮೈಲಿ ಆಚೆ ರಸ್ತೆ ಒಂದು ಹಳ್ಳಕ್ಕೆ ಇಳಿಯುತ್ತದೆ. ಕೆಳಗೆ ಸೇತುವೆ, ಸೇತುವೆಯ ಪಕ್ಕ ಬಸ್ಸಿಗೆ ಕಾಯುವ ಜಾಗ. ನಮ್ಮ ಕಡೆ ಇಳಿಜಾರು ಬಂದರೆ ಡೀಸೆಲ್ ಉಳಿಯಲಿ ಎಂದು ಅರ್ಧ ಜನ ಗೇರನ್ನು ನ್ಯೂಟ್ರಲ್ ಮಾಡಿಬಿಡುತ್ತಾರೆ. ಶಿವಣ್ಣ ಮಾಡುತ್ತಿರಲಿಲ್ಲ. ಇಳಿಜಾರಿನ ಮೇಲೆಯೇ ವೇಗ ತಗ್ಗಿಸಿ, ಸಣ್ಣ ಗೇರಿಗೆ ಹಾಕಿದ. ಎಂಜಿನ್ ಗುರ್ರೆಂದು ಭಾರವನ್ನು ತಡೆದು ಹಿಡಿಯುವ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನ್ಯೂಟ್ರಲ್ ಆಗಿದ್ದರೆ ಆ ಸದ್ದು ಬರುವುದಿಲ್ಲ. ಇದನ್ನು ಹೇಳಲು ಡಿಪ್ಲೊಮಾ ಬೇಕಿಲ್ಲ, ನಮ್ಮೂರಿನ ಯಾರನ್ನು ಕೇಳಿದರೂ ಹೇಳುತ್ತಾರೆ.

ಅರ್ಧ ಇಳಿದ ಮೇಲೆ ಟ್ರೇಲರ್ ತೂಗತೊಡಗಿತು. ಶಿವಣ್ಣ ಬ್ರೇಕ್ ಹಿಡಿದ. ಹಿಂದಿನ ಎರಡೂ ಚಕ್ರ ತಿರುಗುವುದನ್ನು ನಿಲ್ಲಿಸಿದವು, ಎಂಜಿನ್ ಉಸಿರು ಕಟ್ಟಿ ನಿಂತುಹೋಯಿತು. ಆದರೆ ಗಾಡಿ ನಿಲ್ಲಲಿಲ್ಲ. ನಿಂತ ಚಕ್ರಗಳ ಮೇಲೆಯೇ ಟ್ರ್ಯಾಕ್ಟರ್ ಒದ್ದೆ ಡಾಂಬರಿನಲ್ಲಿ ಜಾರುತ್ತಾ ಹೋಯಿತು, ಹಿಂದಿನಿಂದ ಟ್ರೇಲರ್ ಅದನ್ನು ತಳ್ಳುತ್ತಾ, ತಳ್ಳುತ್ತಾ ಪಕ್ಕಕ್ಕೆ ತಿರುಗತೊಡಗಿತು. ಸೇತುವೆಯ ಹತ್ತಿರ ಬಸ್ಸಿಗೆ ನಾಲ್ಕೈದು ಜನ ನಿಂತಿದ್ದರು, ಅವರಲ್ಲಿ ಬ್ಯಾಗು ಹಾಕಿಕೊಂಡ ಮೂರು ಮಕ್ಕಳು. ಶಿವಣ್ಣ ಎದ್ದು ನಿಂತು ಸ್ಟೀರಿಂಗನ್ನು ಮೈಯೆಲ್ಲ ಬಳಸಿ ಎಡಕ್ಕೆ ಎಳೆದ. ಟ್ರ್ಯಾಕ್ಟರ್ ಚರಂಡಿಗಿಳಿದು ಹೊಂಗೆಮರಕ್ಕೆ ಒರಗಿ ನಿಂತಿತು. ಟ್ರೇಲರ್ ಮಗುಚಿತು. ಆಮೇಲೆ ಸ್ವಲ್ಪ ಹೊತ್ತು ಈರುಳ್ಳಿ ಉರುಳುವ ಸದ್ದು ಮಾತ್ರ. ಒಂದೊಂದಾಗಿ ಸೇತುವೆಯವರೆಗೂ ಉರುಳಿ ಹೋಗಿ, ಆ ಮಕ್ಕಳ ಕಾಲ ಬಳಿ ನಿಂತವು.

ನಾನು ಸ್ಕೂಟಿ ಬಿಸಾಡಿ ಓಡಿದೆ. ಅವನ ಬಲಗಾಲು ಮಡ್‌ಗಾರ್ಡಿನ ಕಬ್ಬಿಣಕ್ಕೆ ಸಿಕ್ಕಿ ತಿರುಚಿಕೊಂಡಿತ್ತು. ಆದರೂ ಪಾದ ಬ್ರೇಕ್ ಪೆಡಲಿನ ಮೇಲೇ ಇತ್ತು. "ಬುಡು ಶಿವಣ್ಣ, ನಿಂತಿದೆ, ಬುಡು" ಎಂದು ನಾನು ಎರಡು ಸಲ ಹೇಳಬೇಕಾಯಿತು.

ಅಷ್ಟರಲ್ಲಿ ಜನ ಸೇರಿದರು. ಇನ್ನೊಂದು ಟ್ರ್ಯಾಕ್ಟರ್ ತಂದು, ನಮ್ಮದನ್ನು ಚರಂಡಿಯಿಂದ ಎಳೆಯಲು ಹಗ್ಗ ಕಟ್ಟಿದರು. ಎಳೆಯುವುದಕ್ಕೆ ಮೊದಲು ಒಬ್ಬ ಹತ್ತಿ ಗೇರನ್ನು ನ್ಯೂಟ್ರಲ್ ಮಾಡಿದ. ಗೇರಿನಲ್ಲಿದ್ದರೆ ಬರುವುದಿಲ್ಲವಲ್ಲ. ನಾನೇ ನೋಡಿದೆ. ಸಂಜೆ ಪೊಲೀಸ್ ಠಾಣೆಯ ದಫೇದಾರರು ಬಂದು ನೋಡುವಾಗ ಗೇರು ನ್ಯೂಟ್ರಲ್‌ನಲ್ಲೇ ಇತ್ತು. ಕತ್ತಲಾಗುವ ಮೊದಲೇ ಊರಿಗೆಲ್ಲ ಸುದ್ದಿ ಹಬ್ಬಿತು, ಶಿವಣ್ಣ ನ್ಯೂಟ್ರಲ್ ಹೊಡೆದು ಬಿಟ್ಟಿದ್ದನಂತೆ. ಮರುದಿನ ಅದಕ್ಕೆ ಇನ್ನೊಂದು ಸೇರಿತು, ಕುಡಿದಿದ್ದನಂತೆ.

ದಫೇದಾರರು ನಮ್ಮ ಜಗಲಿಯ ಮೇಲೆ ಕೂತು ಕೇಳಿದರು.

"ನೀವೇ ಅಲ್ವಾ ಹಿಂದೆ ಬತ್ತಾ ಇದ್ದೋರು? ಲೋಡು ಹೆಂಗಿತ್ತಮ್ಮ?"

ನಾನು ಅಪ್ಪನನ್ನು ನೋಡಿದೆ. ಅಪ್ಪ ಗೋಡೆಯ ಮೇಲಿದ್ದ ತಮ್ಮ ಎತ್ತಿನ ಫೋಟೋ ನೋಡುತ್ತಿದ್ದರು.

"ಯಾವಾಗ್ಲೂ ಹೇರೋ ಹಂಗೇ ಇತ್ತು ಸಾರ್," ಎಂದೆ.

ಅವರು ಬರೆದುಕೊಂಡರು. ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಹೀಗೆ ನಿಜ ಹೇಳಿ ಮನುಷ್ಯನನ್ನು ಮುಗಿಸಬಹುದು ಎಂದು ಅಂದು ಕಲಿತೆ. ಗೇರಿನ ಮಾತು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಶಿವಣ್ಣನ ಆಸ್ಪತ್ರೆಯ ಖರ್ಚೆಲ್ಲ ಅಪ್ಪನೇ ನೋಡಿಕೊಂಡರು. ದಿನವೂ ಹೋಗಿ ಬಂದರು, ಮನೆಯಿಂದ ಮುದ್ದೆ ಸಾರು ಕಳಿಸಿದರು. ಊರವರು "ದೇವ್ರಂಥ ಮನುಷ್ಯ, ಗಾಡಿ ಬೀಳ್ಸಿದೋನ್ನೂ ಹಿಂಗೆ ನೋಡ್ಕತ್ತಾರೆ" ಎಂದು ಕೊಂಡಾಡಿದರು. ಪಾದದ ಮೂಳೆ ಕೂಡಿಕೊಳ್ಳುತ್ತದೆ, ಎರಡು ತಿಂಗಳಲ್ಲಿ ಮತ್ತೆ ಗಾಡಿ ಓಡಿಸಬಹುದು ಎಂದರು ಡಾಕ್ಟರು.

ಅಪಘಾತವಾದ ನಾಲ್ಕನೆಯ ದಿನ ಉಳಿದ ಈರುಳ್ಳಿ ಹೇರಬೇಕಿತ್ತು. ಬಾಡಿಗೆಗೆ ಬೇರೆ ಟ್ರ್ಯಾಕ್ಟರ್ ಬಂದಿತ್ತು. ಆಳುಗಳು ಎಂದಿನಂತೆ ಹಿಂದಿನಿಂದ ಶುರು ಮಾಡಿದರು. ಕೊಡೆ ಹಿಡಿದು ನಿಂತಿದ್ದ ಅಪ್ಪ ಹೇಳಿದರು.

"ಎರಡು ಸಾಲು ಮುಂದಕ್ಕೆ ಹಾಕ್ರೋ."

ಆಳುಗಳು ಕೈ ನಿಲ್ಲಿಸಿ ಅವರ ಮುಖ ನೋಡಿದರು.

"ಮುಂದಕ್ಕಾ ಯಜಮಾನ್ರೆ? ಮೂಕಿ ಏಳಲ್ವಲ್ಲ?"

"ಹೇಳಿದಷ್ಟು ಮಾಡ್ರೋ."

ಅಂದು ಅವರು ಮೂಕಿ ಎತ್ತಿ ನೋಡಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಅಪ್ಪನಿಗೆ ಗೊತ್ತಾಗಿದೆ! ಇದ್ದಿಲಿನ ಚಿತ್ರ ನೋಡಿ ನಕ್ಕವರಿಗೆ ಎಲ್ಲವೂ ಅರ್ಥವಾಗಿದೆ. ನನಗೆ ಎಷ್ಟು ಸಂತೋಷವಾಯಿತೆಂದರೆ, ಇನ್ನೇನು ಶಿವಣ್ಣನ ಮೇಲಿನ ಮಾತು ಅಳಿಸಿಹೋಗುತ್ತದೆ, ಅಪ್ಪನೇ ನಾಲ್ಕು ಜನರ ಮುಂದೆ ಹೇಳುತ್ತಾರೆ ಎಂದುಕೊಂಡೆ. ಪೆದ್ದಿ ನಾನು.

ಆ ವಾರವೇ ಶಾಲೆಯ ಕಡೆಯವರೊಬ್ಬರು ತರೀಕೆರೆಯಿಂದ ಬಂದರು. ಬಿಳಿ ಅಂಗಿ, ಮೆತ್ತಗಿನ ಮಾತು. ಜಗಲಿಯ ಮೇಲೆ ಕೂತು, ಕಾಲು ವಾಸಿಯಾಗುವವರೆಗೆ ಕಾಯುತ್ತೇವೆ, ಆದರೂ ಮಕ್ಕಳ ವಿಚಾರ, ಒಂದು ಮಾತು ನಿಮ್ಮ ಬಾಯಿಂದಲೇ ಕೇಳಿಕೊಂಡು ಹೋಗೋಣವೆಂದು ಬಂದೆ ಎಂದರು. ನಾನು ಕಾಫಿ ತಂದೆ.

"ಹನ್ನೆರಡು ವರ್ಷ ನಿಮ್ಮಲ್ಲೇ ಇದ್ದಾರಂತೆ. ಮನುಷ್ಯ ಹೇಗೆ?"

"ಒಳ್ಳೆಯೋನು. ಬಾಳ ಒಳ್ಳೆಯೋನು," ಎಂದರು ಅಪ್ಪ. ಲೋಟ ಕೈಗೆ ತೆಗೆದುಕೊಂಡರು. ಕಾಫಿ ಕುಡಿಯಲಿಲ್ಲ. "ಆದ್ರೆ..."

ಅಷ್ಟೇ. ಆ "ಆದ್ರೆ"ಯ ಮುಂದೆ ಅವರು ಏನೂ ಹೇಳಲಿಲ್ಲ. ಬಂದವರು ತಲೆಯಾಡಿಸಿದರು. ಅರ್ಥವಾಯಿತು ಬಿಡಿ ಎಂದರು. ಕಾಫಿ ಚೆನ್ನಾಗಿದೆ ಎಂದರು. ಎದ್ದು ಹೋದರು. ತಟ್ಟೆ ಹಿಡಿದುಕೊಂಡು ನಿಂತಿದ್ದ ನಾನು ಬಾಯಿ ಬಿಡಬಹುದಿತ್ತು. ಗೇಟಿನವರೆಗೆ ಅವರು ನಡೆದು ಹೋಗುವಷ್ಟು ಹೊತ್ತು ಸಮಯವಿತ್ತು. ಅವರ ಮೋಟಾರ್ ಸೈಕಲ್ ಒದ್ದರೂ ಸ್ಟಾರ್ಟ್ ಆಗದೆ ಇನ್ನೂ ಸ್ವಲ್ಪ ಹೊತ್ತು ಸಿಕ್ಕಿತು. ನಾನು ತಟ್ಟೆ ಹಿಡಿದುಕೊಂಡೇ ನಿಂತಿದ್ದೆ.

ಅವರು ಹೋದ ಮೇಲೆ ಮಾತ್ರ ನನಗೆ ಬಾಯಿ ಬಂತು. ಮನೆಯೊಳಗೆ ಅಪ್ಪನ ಮೇಲೆ ಕೂಗಾಡಲು ಯಾವ ಧೈರ್ಯ ಬೇಕು?

"ಆದ್ರೆ ಏನು ಅಪ್ಪ? ಆದ್ರೆ ಏನು? ಮೊನ್ನೆ ಎರಡು ಸಾಲು ಮುಂದಕ್ಕೆ ಯಾಕೆ ಹೇರಿಸ್ದೆ? ನಿಂಗೆ ಗೊತ್ತಿಲ್ವಾ ಯಾರ ತಪ್ಪು ಅಂತ?"

"ಮೆತ್ತಗೆ ಮಾತಾಡು."

"ಅವನು ಚಕ್ರ ಕುಣೀತಾ ಇದೆ ಅಂತ ಇಳಿದು ಬಂದು ಹೇಳ್ದ. ನೀನು ಲಾರಿ ಹೊರಟುಬಿಡುತ್ತೆ ಅಂದೆ."

ಅಪ್ಪ ತಲೆ ತಗ್ಗಿಸಿ ಕೂತರು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿದರು.

"ಈ ಊರಲ್ಲಿ ಪ್ರತಿಯೊಬ್ಬನೂ ನನ್ನ ಕೇಳಿ ಗಾಡಿ ಹೇರಿದಾನೆ ಕಣವ್ವ. ನಲವತ್ತು ವರ್ಷ. ಈಗ ತಪ್ಪು ಅಂದ್ರೆ ನಾನು ಏನಾಗಿ ಉಳೀಲಿ? ಅವನ ಕಾಲು ನಾನು ನೋಡ್ಕಂಡಿಲ್ವಾ? ಬದುಕಿರೋವರ್ಗೂ ನೋಡ್ಕತ್ತೀನಿ."

"ಅವನಿಗೆ ಬೇಕಾಗಿದ್ದು ಕಾಲಲ್ಲ ಅಪ್ಪ, ಹೆಸ್ರು."

ಅಪ್ಪ ಎದ್ದು ಕೊಟ್ಟಿಗೆಯ ಕಡೆ ಹೋದರು. ಎತ್ತಿನ ಕುತ್ತಿಗೆಗೆ ಮೂರು ತಿಂಗಳು ಎಣ್ಣೆ ಹಚ್ಚಿದ ಮನುಷ್ಯ, ತಾನು ಹೊರಬೇಕಾದ ಭಾರವನ್ನು ಆಳಿನ ಕುತ್ತಿಗೆಗೆ ಹಾಕಿ ನಡೆದುಬಿಟ್ಟರು. ಆಳುಗಳಿಗೆ ಮುಂದಕ್ಕೆ ಹೇರಲು ಹೇಳಿದ್ದೂ ಅದೊಂದು ದಿನ ಮಾತ್ರ. ಯಾಕೆ ಎಂದು ಕೇಳುವವರು ಹೆಚ್ಚಾದಾಗ ಮತ್ತೆ ಹಿಂದಕ್ಕೇ ಹೇರಿಸಿದರು. ಯಾಕೆ ಎಂದು ಹೇಳುವುದಕ್ಕಿಂತ ಅದು ಅವರಿಗೆ ಸುಲಭವಾಯಿತು.

ದೀಪಾವಳಿಯ ಹೊತ್ತಿಗೆ ಶಿವಣ್ಣ ಕುಂಟುತ್ತಾ ಬಂದು, ಸಾಮಾನು ಕಟ್ಟಿಕೊಂಡು, ಹೆಂಡತಿ ಮಗಳನ್ನು ಕರೆದುಕೊಂಡು ಎಮ್ಮೆದೊಡ್ಡಿಗೆ ಹೊರಟ. ಅಪ್ಪ ಇರು ಎಂದರು. ಅವನು "ಬತ್ತೀನಿ ಯಜಮಾನ್ರೆ" ಎಂದಷ್ಟೇ ಹೇಳಿದ. ಅದೇ ತಿಂಗಳು ನನ್ನ ಆರ್ಡರ್ ಬಂತು, ನಾನೂ ಹೊರಟೆ. ಅಪ್ಪ ತೀರಿಕೊಂಡಾಗ ತಿಥಿಯ ಊಟಕ್ಕೆ ಕೂತವರು "ಗಾಡಿ ಹೇರ್ಸೋದ್ರಲ್ಲಿ ಅವ್ರನ್ನ ಬಿಟ್ರೆ ಇನ್ನೊಬ್ರಿಲ್ಲ" ಎಂದು ಮಾತಾಡಿಕೊಂಡರು. ನಾನು ಪಾಯಸ ಬಡಿಸುತ್ತಿದ್ದೆ. ಆಗಲೂ ಬಡಿಸುತ್ತಲೇ ಹೋದೆ.

ಇಷ್ಟು ನೆನಪಾಗುವ ಹೊತ್ತಿಗೆ ಬಸ್ಸು ಬಂತು. ಎಮ್ಮೆದೊಡ್ಡಿಯಲ್ಲಿ ಇಳಿದು ವಿಚಾರಿಸಿದೆ. ಒಬ್ಬ ಮುದುಕ "ಯಾವ ಶಿವಣ್ಣ? ಟ್ರ್ಯಾಕ್ಟ್ರು ಬೀಳ್ಸಿದ್ನಲ್ಲ, ಅವನಾ?" ಎಂದು ಕೇಳಿ ದಾರಿ ತೋರಿಸಿದ. ತಾಲ್ಲೂಕು ದಾಟಿ ಬಂದರೂ ಆ ಹೆಸರು ಅವನಿಗಿಂತ ಮೊದಲೇ ಇಲ್ಲಿಗೆ ಬಂದು ಕೂತಿತ್ತು.

ಶಿವಣ್ಣ ಮನೆಯ ಮುಂದೆ, ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ. ತಲೆ ಬೆಳ್ಳಗಾಗಿತ್ತು.

"ಅಯ್ಯೋ ಸುಧಮ್ಮ! ಏನಮ್ಮಾ ಈ ಕಡೆ? ಬನ್ನಿ, ಕೂತ್ಕಳಿ. ಲೇ, ನೀರ್ ತಾರೇ," ಎಂದು ಒಳಗೆ ಕೂಗಿದ.

ನಾನು ನೀರು ಮುಟ್ಟಲಿಲ್ಲ. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ. ಹಿಂದಕ್ಕೆ ಹೇರಿದ್ದು, ಗೇರಿನ ಸದ್ದು, ಎಳೆಯುವವನು ನ್ಯೂಟ್ರಲ್ ಮಾಡಿದ್ದು, ದಫೇದಾರರಿಗೆ ನಾನು ಹೇಳಿದ್ದು, ಅಪ್ಪ ಎರಡು ಸಾಲು ಮುಂದಕ್ಕೆ ಹಾಕಿಸಿದ್ದು, ಆ "ಆದ್ರೆ". ಹೇಳುತ್ತಾ ಅತ್ತೆ. ಶಿವಣ್ಣ ಕಾಯಿ ಸುಲಿಯುತ್ತಲೇ ಕೇಳಿದ. ನಾನು ಮುಗಿಸಿದ ಮೇಲೆ ಕೈಯಲ್ಲಿದ್ದ ಕಾಯಿಯನ್ನು ರಾಶಿಗೆ ಎಸೆದ.

"ಸೀಟಿನ ಮೇಲೆ ಕೂತಿದ್ದೋನು ನಾನು ಕಣಮ್ಮ. ಚಕ್ರ ಎದ್ದಿದ್ದು ನಂಗೊತ್ತಿಲ್ವಾ? ಇದನ್ನ ನಂಗೆ ಹೇಳಕ್ಕೆ ಇಷ್ಟು ದೂರ ಬಂದ್ರಾ?"

ಅವನು ಇನ್ನೊಂದು ಕಾಯಿಯನ್ನು ಮೊನೆಗೆ ಚುಚ್ಚಿದ.

"ಮಗಳ ಸಂಬಂಧದ ಮಾತಿಗೆ ಬಂದೋರೂ ಅದನ್ನೇ ಕೇಳಿದ್ರು. ನಿಮ್ಮಪ್ಪ ಕುಡೀತಾರಾ ಅಂತ. ನನ್ ಮಗಳ್ನ ಕೇಳಿದ್ರು." ಅವನ ದನಿ ಮೊದಲ ಬಾರಿಗೆ ಗಡುಸಾಯಿತು. "ನಂಗೆ ಗೊತ್ತಿರೋದನ್ನ ನಂಗೇ ಹೇಳಿದ್ರೆ ನಿಮ್ಮ ಎದೆ ಹಗುರ ಆಗುತ್ತೆ ಸುಧಮ್ಮ, ನನ್ನ ಹೆಸ್ರು ಎಲ್ಲಿತ್ತೋ ಅಲ್ಲೇ ಇರುತ್ತೆ. ಎಲ್ಲಿ ಹೇಳಬೇಕಾಗಿತ್ತೋ ಅಲ್ಲಿ ಹೇಳಿ."

ಮರುದಿನ ಭಾನುವಾರ ಊರಿಗೆ ಹೋದೆ. ಈರುಳ್ಳಿ ಹೇರುತ್ತಿದ್ದ ಕಣದಲ್ಲಿ ಹತ್ತು ಹದಿನೈದು ಜನರ ಮುಂದೆ ಹೇಳಿದೆ. ಎಲ್ಲರೂ ಕೇಳಿಸಿಕೊಂಡರು. "ಸತ್ತೋರ ಮೇಲೆ ಯಾಕಮ್ಮಾ ಈಗ ಇದೆಲ್ಲ, ಬುಡಿ," ಎಂದ ಒಬ್ಬ ಹಿರಿಯ. ಇನ್ನೊಬ್ಬ ನನ್ನ ಎದುರಿಗೇ ಟ್ರೇಲರಿನ ಮೂಕಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಸರಿಯಾಗಿದೆ, ಹೊರಡು ಎಂದ.

ಅದಕ್ಕೇ ಬರೆಯುತ್ತಿದ್ದೇನೆ. ಬುಡಿ ಎಂದರೆ ಬಿಡುವವಳಲ್ಲ ನಾನು, ಈಗ. ಶಿವಣ್ಣ ಕುಡಿದಿರಲಿಲ್ಲ, ಅವನು ಕುಡಿಯುವುದೇ ಇಲ್ಲ. ಗಾಡಿ ನ್ಯೂಟ್ರಲ್‌ನಲ್ಲಿರಲಿಲ್ಲ, ಗೇರಿನಲ್ಲಿತ್ತು. ಕೆಳಗೆ ನಿಂತಿದ್ದ ಮೂರು ಮಕ್ಕಳು ಇಂದು ಬೆಳೆದು ಎಲ್ಲೋ ಇದ್ದಾರೆ, ಅವರನ್ನು ಉಳಿಸಿದವನಿಗೆ ಮಕ್ಕಳ ವ್ಯಾನು ಕೊಡಲಿಲ್ಲ. ಲೋಡು ಹೆಂಗಿತ್ತಮ್ಮ ಎಂದು ಕೇಳಿದ್ದಿರಲ್ಲ ದಫೇದಾರರೇ, ಹಿಂದಕ್ಕೆ ಇತ್ತು ಸಾರ್. ಹೇರಿಸಿದ್ದು ನಮ್ಮಪ್ಪ. ಡ್ರೈವರ್ ಬೇಡ ಅಂದಿದ್ದ. ನಾನು ಅಲ್ಲೇ ಕೂತು ನೋಡುತ್ತಿದ್ದೆ.